ಬಂದರಿನ ಸಿಗಡಿಯಲ್ಲಿ ಹೋಮಿಯೋಬಾಕ್ಸ್ ಹುಡುಕಿದ ಬಗೆ

ಸಿಗಡಿಯೊಂದನ್ನು ಬಿಳಿ ಟ್ರೇಯಲ್ಲಿ ಅಂಗಾತ ಮಲಗಿಸಿ, ತಲೆಯ ಕಡೆಯಿಂದ ಬಾಲದ ಕಡೆಗೆ ಚಿಮುಟದಲ್ಲಿ ಒಂದೊಂದೇ ಜೋಡಿ ಉಪಾಂಗ ಬಿಡಿಸಿ ಸಾಲಾಗಿ ಇಡುತ್ತ ಬಂದರೆ ಒಟ್ಟು 19 ಜೋಡಿ ಸಿಗುತ್ತವೆ. ತಲೆಯಲ್ಲಿ ಐದು: ಎರಡು ಜೋಡಿ ಮೀಸೆ, ಒಂದು ಜೋಡಿ ದವಡೆ, ಅದರ ಹಿಂದೆ ಎಲೆಯಂತೆ ತೆಳ್ಳಗಿನ ಎರಡು ಜೋಡಿ ಸಹಾಯಕ ದವಡೆ. ಎದೆಯ ಎಂಟು ಖಂಡಗಳಲ್ಲಿ ಮೊದಲ ಮೂರಕ್ಕೆ ಆಹಾರವನ್ನು ಬಾಯಿಗೆ ತಳ್ಳುವ ದವಡೆಗಾಲು, ಉಳಿದ ಐದಕ್ಕೆ ನಡೆಗಾಲು. ಹೊಟ್ಟೆಯ ಆರು ಖಂಡಗಳಲ್ಲಿ ಐದಕ್ಕೆ ಈಜುಗಾಲು, ಆರನೆಯದಕ್ಕೆ ಬಾಲದ ಬೀಸಣಿಗೆ. ಎಟ್ಟಿ (ಸಿಗಡಿ) ಸುಲಿಯುವಾಗ ಒಂದೇ ಎಳೆತಕ್ಕೆ ಕಿತ್ತು ಬಿಸಾಡುವ ಕಾಲುಗಳಿವು. ಸಾಲಾಗಿ ಇಟ್ಟು ನೋಡಿದಾಗಲೇ ಪ್ರಶ್ನೆ ಕಣ್ಣಿಗೆ ಬೀಳುತ್ತದೆ. ಮೂರನೇ ದವಡೆಗಾಲು ಮತ್ತು ಮೊದಲ ನಡೆಗಾಲು ಅಕ್ಕಪಕ್ಕದ ಖಂಡಗಳವು, ಒಂದೇ ಬಗೆಯ ಮೊಗ್ಗಿನಿಂದ ಬೆಳೆದವು. ಒಂದು ಬಾಯಿಯ ಕೆಲಸಕ್ಕೂ ಇನ್ನೊಂದು ನಡಿಗೆಗೂ ಹೋದದ್ದು ಹೇಗೆ?

ಇದನ್ನು ನಿರ್ಧರಿಸುವುದು ಹೋಮಿಯೋಬಾಕ್ಸ್ ಜೀನ್‌ಗಳಲ್ಲಿ ಹಾಕ್ಸ್ ಎಂಬ ಗುಂಪು. ಈ ಜೀನ್‌ಗಳು ಕಾಲನ್ನಾಗಲಿ ದವಡೆಯನ್ನಾಗಲಿ ತಾವೇ ಕಟ್ಟುವುದಿಲ್ಲ. ‘ನೀನಿರುವುದು ಇಂಥ ಜಾಗದಲ್ಲಿ’ ಎಂದು ಜೀವಕೋಶಕ್ಕೆ ಹೇಳುತ್ತವೆ, ಅಷ್ಟೇ. ಕಟ್ಟುವ ಕೆಲಸ ಅವುಗಳ ಕೈಕೆಳಗಿನ ನೂರಾರು ಜೀನ್‌ಗಳದ್ದು. ಹಣ್ಣಿನ ನೊಣದ ಆಂಟೆನಾಪೀಡಿಯಾ ಜೀನ್ ತಲೆಯಲ್ಲಿ ತಪ್ಪಿ ಚಾಲೂ ಆದರೆ ಮೀಸೆಯ ಜಾಗದಲ್ಲಿ ಪೂರ್ತಿ ಕಾಲೇ ಬೆಳೆಯುತ್ತದೆ. ಅಲ್ಟ್ರಾಬೈಥೊರಾಕ್ಸ್ ಜೀನಿನ ಕೆಲಸ ಎದೆಯ ಮೂರನೇ ಖಂಡದಲ್ಲಿ ನಿಂತರೆ ಅಲ್ಲಿನ ಸಮತೋಲನದ ಗುಬಟಿಗಳ ಬದಲು ಇನ್ನೊಂದು ಜೋಡಿ ರೆಕ್ಕೆ ಬರುತ್ತದೆ. ಒಂದು ಅಂಗದ ಜಾಗದಲ್ಲಿ ಇನ್ನೊಂದು ಅಂಗ ಮೂಡುವ ಇಂಥ ಬದಲಾವಣೆಗೆ ವಿಲಿಯಂ ಬೇಟ್ಸನ್ 1894ರಲ್ಲೇ ಹೋಮಿಯೋಸಿಸ್ ಎಂದು ಹೆಸರಿಟ್ಟಿದ್ದರು. ಹೋಮಿಯೋಬಾಕ್ಸ್ ಎಂಬ ಹೆಸರು ಹುಟ್ಟಿದ್ದು ಅದರಿಂದ.

ಆ ಬಾಕ್ಸ್ ಎಂದರೆ ಜೀನಿನೊಳಗಿನ 180 ಬೇಸ್ (ಡಿಎನ್‌ಎಯ ಅಕ್ಷರ) ಜೋಡಿಗಳ ಒಂದು ತುಣುಕು. ಅದರಿಂದ 60 ಅಮೈನೋ ಆಮ್ಲಗಳ ಹೋಮಿಯೋಡೊಮೈನ್ ತಯಾರಾಗುತ್ತದೆ. ಮೂರು ಸುರುಳಿಗಳು, ಮೂರನೆಯದು ಡಿಎನ್‌ಎಯ ಅಗಲ ಕಣಿವೆಯೊಳಗೆ ಹೋಗಿ ಕೂರುತ್ತದೆ. 1984ರಲ್ಲಿ ಬಾಸೆಲ್‌ನ ವಾಲ್ಟರ್ ಗೆರಿಂಗ್ ಅವರ ಗುಂಪು ಮತ್ತು ಇಂಡಿಯಾನಾದಲ್ಲಿ ಮ್ಯಾಥ್ಯೂ ಸ್ಕಾಟ್ ಹಾಗೂ ಏಮಿ ವೈನರ್ ಬೇರೆ ಬೇರೆಯಾಗಿ ಇದನ್ನು ಪ್ರಕಟಿಸಿದರು. ನೊಣದ ತುಣುಕು ಕೋಳಿ, ಇಲಿ, ಮನುಷ್ಯರ ಡಿಎನ್‌ಎಗೂ ಅಂಟಿಕೊಂಡಿತು. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಬೇರೆಯಾದ ಪ್ರಾಣಿಗಳಲ್ಲಿ ಇಷ್ಟು ಹೋಲಿಕೆ ಉಳಿದಿರುವುದರಿಂದಲೇ, ಜೀನೋಮ್ (ಪೂರ್ತಿ ಡಿಎನ್‌ಎ) ಓದದ ಬಹುತೇಕ ಪ್ರಾಣಿಗಳಲ್ಲಿ ಒಂದೇ ಜೋಡಿ ಪ್ರೈಮರ್ (ಬೇಕಾದ ಜಾಗಕ್ಕೆ ಅಂಟಿ ಅಲ್ಲಿಂದ ನಕಲು ಶುರುಮಾಡಿಸುವ ಚಿಕ್ಕ ಡಿಎನ್‌ಎ ತುಂಡು) ಹಾಕಿ ಹಾಕ್ಸ್ ಜೀನ್‌ಗಳನ್ನು ಹಿಡಿಯಬಹುದು. ಮಂಗಳೂರಿನಲ್ಲಿ ಎಂ.ಎಸ್ಸಿ. ಪ್ರಯೋಗಾಲಯವೊಂದರ ಸಾಮಾನ್ಯ ಸಲಕರಣೆಗಳಿಂದ ಸಿಗಡಿಯಲ್ಲಿ ಅದನ್ನು ಮಾಡಿದ ಕ್ರಮ, ಎಲ್ಲೆಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂಬುದು ಈ ಬರಹ.

ಮಾದರಿ ತಂದದ್ದು ಹಳೆ ಬಂದರಿನ ಧಕ್ಕೆಯಿಂದ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ, ಮಳೆಗಾಲದಲ್ಲಿ ಕೆಲಸ ಮಾಡುವವರು ಮೇ ತಿಂಗಳೊಳಗೆ ಮಾದರಿ ತೆಗೆದಿಡಬೇಕು. ಬೆಳಿಗ್ಗೆ ಆರಕ್ಕೆ ಮುಂಚೆ ಹೋದರೆ ಬೋಟಿನಿಂದ ಇಳಿಸುವಾಗಲೇ ಸಿಗುತ್ತದೆ. “ಇವತ್ತಿನದ್ದೇ ಮಾರಾಯ್ರೆ, ಐಸಿಗೆ ಹಾಕಿದ್ದೂ ಈಗ” ಎಂದು ಬುಟ್ಟಿಯ ಮುಂದೆ ಕೂತ ಅಕ್ಕ ಹೇಳಿದರೂ ತಲೆ ಎತ್ತಿ ನೋಡಿಯೇ ತೆಗೆದುಕೊಳ್ಳಬೇಕು: ತಲೆ ಕಪ್ಪಾಗಿರಬಾರದು, ತಲೆ-ಹೊಟ್ಟೆಯ ಕೀಲು ಸಡಿಲಾಗಿರಬಾರದು. ಬೋಟು ಎರಡು ಮೂರು ದಿನ ಕಡಲಲ್ಲಿದ್ದು ಬಂದದ್ದಾದರೆ ಮೇಲಿನ ಪದರದ್ದೇ ಹೊಸತು. ಫಾರ್ಮಲಿನ್ ಸೋಕಿದ ಮಾದರಿ ಈ ಕೆಲಸಕ್ಕೆ ಬರುವುದೇ ಇಲ್ಲ. ಅದು ಡಿಎನ್‌ಎ ಮತ್ತು ಪ್ರೋಟೀನನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ.

ಬಾಲದ ಬಿಳಿ ಮಾಂಸವನ್ನು ಅಕ್ಕಿಕಾಳಿನ ಗಾತ್ರಕ್ಕೆ ಕೊಯ್ದು, ಅದರ ಹತ್ತು ಪಟ್ಟು 95 ಶೇಕಡಾ ಎಥನಾಲ್‌ಗೆ ಧಕ್ಕೆಯಲ್ಲೇ ಹಾಕಿದೆವು. ಆ ದಿನ ಸಂಜೆಗೊಮ್ಮೆ, ಮರುದಿನ ಇನ್ನೊಮ್ಮೆ ಎಥನಾಲ್ ಬದಲಿಸಬೇಕು. ಮಾಂಸದೊಳಗಿನ ನೀರು ಹೊರಬಂದು ಎಥನಾಲ್ ತೆಳ್ಳಗಾದರೆ ಕಿಣ್ವಗಳು ಮತ್ತೆ ಕೆಲಸಕ್ಕಿಳಿದು ಡಿಎನ್‌ಎ ಕತ್ತರಿಸುತ್ತವೆ. ಮಂಗಳೂರಿನ ಮಳೆಗಾಲದಲ್ಲಿ ಮುಚ್ಚಳ ಸಡಿಲಾದ ಎಥನಾಲ್ ಬಾಟಲಿ ಗಾಳಿಯಿಂದಲೇ ನೀರು ಹೀರುತ್ತದೆ. ಹಾಗಾಗಿ ದೊಡ್ಡ ಬಾಟಲಿಯನ್ನು ಪದೇ ಪದೇ ತೆರೆಯದೆ 50 ಮಿಲಿಲೀಟರ್ ಟ್ಯೂಬ್‌ಗಳಿಗೆ ಹಂಚಿ ಪ್ಯಾರಾಫಿಲ್ಮ್ ಸುತ್ತಿಡುವುದು ಒಳ್ಳೆಯದು. ಚಿಪ್ಪು, ಕಣ್ಣು, ತಲೆಯೊಳಗಿನ ಕಂದು ಜೀರ್ಣಗ್ರಂಥಿ ಬೇಡವೇ ಬೇಡ. ಚಿಪ್ಪಿನ ಬಣ್ಣ ಮತ್ತು ಪಾಲಿಸ್ಯಾಕರೈಡ್‌ಗಳು ಪಿಸಿಆರ್‌ನ (ಡಿಎನ್‌ಎಯ ಒಂದು ತುಣುಕನ್ನು ಪದೇ ಪದೇ ನಕಲು ಮಾಡಿ ಹೆಚ್ಚಿಸುವ ವಿಧಾನದ) ಕಿಣ್ವವನ್ನು ತಡೆಯುತ್ತವೆ, ಜೀರ್ಣಗ್ರಂಥಿಯ ತುಂಬ ಡಿಎನ್‌ಎ ತಿನ್ನುವ ಕಿಣ್ವಗಳಿರುತ್ತವೆ.

ಡಿಎನ್‌ಎ ತೆಗೆಯುವುದರಲ್ಲಿ ವಿಶೇಷವೇನಿಲ್ಲ. 25 ಮಿಲಿಗ್ರಾಂ ಮಾಂಸದ ಎಥನಾಲನ್ನು ಫಿಲ್ಟರ್ ಕಾಗದದಲ್ಲಿ ಒತ್ತಿ ತೆಗೆದು, ಸಣ್ಣಗೆ ಹೆಚ್ಚಿ, ಟ್ರಿಸ್ 10 ಮಿಲಿಮೋಲಾರ್, ಇಡಿಟಿಎ 25 ಮಿಲಿಮೋಲಾರ್, ಉಪ್ಪು 100 ಮಿಲಿಮೋಲಾರ್, ಎಸ್‌ಡಿಎಸ್ 0.5 ಶೇಕಡಾ ಇರುವ 500 ಮೈಕ್ರೋಲೀಟರ್ ದ್ರವದಲ್ಲಿ, ಮಿಲಿಲೀಟರಿಗೆ 0.1 ಮಿಲಿಗ್ರಾಂನಂತೆ ಪ್ರೋಟೀನೇಸ್-ಕೆ ಸೇರಿಸಿ 55 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟೆವು. ಬೆಳಿಗ್ಗೆ ತುಣುಕು ಕಾಣದಂತೆ ಕರಗಿರಬೇಕು. ಫಿನಾಲ್-ಕ್ಲೋರೋಫಾರಂ ಒಮ್ಮೆ, ಕ್ಲೋರೋಫಾರಂ ಇನ್ನೊಮ್ಮೆ, ಎಥನಾಲ್‌ನಲ್ಲಿ ಕೆಳಗಿಳಿಸಿ 70 ಶೇಕಡಾದಲ್ಲಿ ಎರಡು ಸಲ ತೊಳೆದದ್ದು. ಎರಡನೇ ತೊಳೆತ ತಪ್ಪಿಸಬಾರದು, ಉಳಿದ ಉಪ್ಪು ಮತ್ತು ಫಿನಾಲ್ ಮುಂದಿನ ಹಂತದಲ್ಲಿ ಸೇಡು ತೀರಿಸಿಕೊಳ್ಳುತ್ತವೆ. 260 ಮತ್ತು 280 ನ್ಯಾನೋಮೀಟರ್ ಓದುವಿಕೆಗಳ ಅನುಪಾತ 1.8ರ ಹತ್ತಿರ ಬಂದರೆ ಡಿಎನ್‌ಎ ಸಾಕಷ್ಟು ಶುದ್ಧವಾಗಿದೆ ಎಂದು ಲೆಕ್ಕ.

ಹಾಕ್ಸ್ ಪ್ರೈಮರ್ ಹಾಕುವ ಮೊದಲು ಅದೇ ಡಿಎನ್‌ಎಯಲ್ಲಿ ಮೈಟೋಕಾಂಡ್ರಿಯಾದ ಸಿಒಐ ಜೀನಿನ ಪಿಸಿಆರ್ ಮಾಡಿದೆವು. ತುಣುಕುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಸುಮಾರು 710 ಬೇಸ್ ಜೋಡಿಯ ಪಟ್ಟಿ (ಡಿಎನ್‌ಎ ಕಾಣುವ ಗೆರೆ) ಬಂದರೆ ಎರಡು ವಿಷಯ ಖಾತ್ರಿಯಾಗುತ್ತವೆ: ಡಿಎನ್‌ಎ ಪಿಸಿಆರ್‌ಗೆ ಒಗ್ಗುತ್ತದೆ, ಮತ್ತು ಅದರ ಅನುಕ್ರಮ ಓದಿಸಿದರೆ ಸಿಗಡಿಯ ಪ್ರಭೇದ ಯಾವುದೆಂದು ತಿಳಿಯುತ್ತದೆ. ಒಂದೇ ಬುಟ್ಟಿಯಲ್ಲಿ ಎರಡು ಮೂರು ಪ್ರಭೇದ ಬೆರೆತಿರುವುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ. ನಮ್ಮದು ಇಲ್ಲಿ ಹೇರಳವಾಗಿ ಸಿಗುವ ಮೆಟಾಪಿನಿಯಸ್ ಡಾಬ್ಸೋನಿ.

ಇನ್ನು ಪ್ರೈಮರ್. ಇಡೀ ಕೆಲಸದ ಜೀವ ಇರುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೇಳಬೇಕು. ಹೋಮಿಯೋಡೊಮೈನಿನ 60 ಸ್ಥಾನಗಳಲ್ಲಿ ಹಾಕ್ಸ್ ಗುಂಪಿನ ಬಹುತೇಕ ಪ್ರೋಟೀನ್‌ಗಳು ಬಿಡದೆ ಉಳಿಸಿಕೊಂಡ ಎರಡು ಜಾಗಗಳಿವೆ. ಒಂದು ಮೊದಲ ಸುರುಳಿಯಲ್ಲಿ, 15ರಿಂದ 20ರವರೆಗೆ: ಗ್ಲುಟಮೇಟ್, ಲ್ಯೂಸಿನ್, ಗ್ಲುಟಮೇಟ್, ಲೈಸಿನ್, ಗ್ಲುಟಮೇಟ್, ಫಿನೈಲ್‌ಅಲನಿನ್. ಇನ್ನೊಂದು ಮೂರನೇ ಸುರುಳಿಯಲ್ಲಿ, 48ರಿಂದ 53ರವರೆಗೆ: ಟ್ರಿಪ್ಟೊಫಾನ್, ಫಿನೈಲ್‌ಅಲನಿನ್, ಗ್ಲುಟಮೀನ್, ಆಸ್ಪರಾಜಿನ್, ಆರ್ಜಿನಿನ್, ಆರ್ಜಿನಿನ್. ಎರಡನೆಯದು ಡಿಎನ್‌ಎ ಕಣಿವೆಯನ್ನು ಮುಟ್ಟುವ ಭಾಗ. 51ರ ಆಸ್ಪರಾಜಿನ್ ಬದಲಾದರೆ ಪ್ರೋಟೀನಿಗೆ ಡಿಎನ್‌ಎ ಹಿಡಿಯಲು ಆಗುವುದಿಲ್ಲ, ಅದಕ್ಕೇ ಅದು ಕೋಟ್ಯಂತರ ವರ್ಷ ಜಾಗ ಬಿಟ್ಟು ಕದಲಿಲ್ಲ.

ಅಮೈನೋ ಆಮ್ಲ ಒಂದೇ ಆದರೂ ಅದನ್ನು ಬರೆಯುವ ಕೋಡಾನ್‌ಗಳು (ಮೂರು ಬೇಸ್‌ಗಳ ಪದಗಳು) ಹಲವು. ಆದ್ದರಿಂದ ಪ್ರೈಮರ್ ಒಂದೇ ಅನುಕ್ರಮವಾಗಿರದೆ ಮಿಶ್ರಣವಾಗಿರುತ್ತದೆ. ಮುಂದಿನ (ಫಾರ್ವರ್ಡ್) ಪ್ರೈಮರ್ 17 ಬೇಸ್ ಉದ್ದ. ಗ್ಲುಟಮೇಟ್ ಮೂರು ಕಡೆ, ಲೈಸಿನ್ ಒಂದು ಕಡೆ, ತಲಾ ಎರಡು ಆಯ್ಕೆ, ಲ್ಯೂಸಿನ್‌ನ ಆರು ಕೋಡಾನ್‌ಗಳನ್ನೂ ಒಳಗೊಳ್ಳುವ ಮಿಶ್ರಣಕ್ಕೆ ಎಂಟು. ಗುಣಿಸಿದರೆ 128 ಬಗೆ. ಹಿಂದಿನ (ರಿವರ್ಸ್) ಪ್ರೈಮರ್ ಕೂಡ 17 ಬೇಸ್, ಅದೂ 128 ಬಗೆ. ಹಿಂದಿನದರ 3′ ತುದಿ, ಎಂದರೆ ಕಿಣ್ವ ಬೆಳೆಸಲು ಶುರುಮಾಡುವ ತುದಿ, ಟ್ರಿಪ್ಟೊಫಾನ್ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ಟ್ರಿಪ್ಟೊಫಾನ್‌ಗೆ ಇರುವುದು ಒಂದೇ ಕೋಡಾನ್. ಮಿಕ್ಕ ಕಡೆ ಒಂದೆರಡು ಅಕ್ಷರ ಸರಿಹೊಂದದಿದ್ದರೂ ನಡೆದೀತು, ಈ ತುದಿಯಲ್ಲಿ ಮಾತ್ರ ನಡೆಯದು. ಪ್ರೈಮರ್ ಆರ್ಡರ್ ಮಾಡುವವರು ತುದಿಯ ಅಕ್ಷರಗಳನ್ನು ಎರಡು ಸಲ ಓದಿ, ಹಿಂದಿನ ಪ್ರೈಮರನ್ನು ತಿರುಗಿಸಿ ಪೂರಕವಾಗಿ ಬರೆದಿದ್ದೇವೆಯೇ ಎಂದು ಇನ್ನೊಬ್ಬರಿಂದ ಓದಿಸಿಕೊಳ್ಳುವುದು ಕ್ಷೇಮ.

ಬರಬೇಕಾದ ತುಣುಕಿನ ಉದ್ದ ಮೊದಲೇ ಗೊತ್ತು. ಎರಡು ಪ್ರೈಮರ್ ಸೇರಿ 34, ನಡುವೆ 82, ಒಟ್ಟು 116 ಬೇಸ್ ಜೋಡಿ. ಹೊಸ ಮಾಹಿತಿ ಇರುವುದು ನಡುವಿನ 82ರಲ್ಲಿ ಮಾತ್ರ, ಎಂದರೆ 21ರಿಂದ 47ರವರೆಗಿನ 27 ಅಮೈನೋ ಆಮ್ಲಗಳು.

25 ಮೈಕ್ರೋಲೀಟರ್ ಪ್ರತಿಕ್ರಿಯೆಗೆ 50 ನ್ಯಾನೋಗ್ರಾಂ ಡಿಎನ್‌ಎ, ಮೆಗ್ನೀಸಿಯಂ 2.5 ಮಿಲಿಮೋಲಾರ್, ಡಿಎನ್‌ಟಿಪಿ (ನಕಲು ಕಟ್ಟಲು ಬೇಕಾದ ಬಿಡಿ ಅಕ್ಷರಗಳು) ತಲಾ 0.2 ಮಿಲಿಮೋಲಾರ್, ನಕಲು ಮಾಡುವ ಟ್ಯಾಕ್ ಕಿಣ್ವ 1 ಯೂನಿಟ್. ಪ್ರೈಮರ್ ಮಾತ್ರ ವಾಡಿಕೆಯ 0.2 ಮೈಕ್ರೋಮೋಲಾರ್ ಸಾಲದು; 1 ಮೈಕ್ರೋಮೋಲಾರ್ ಹಾಕಿದೆವು. 128 ಬಗೆಯಲ್ಲಿ ಒಂದು ಜೀನಿಗೆ ಸರಿಯಾಗಿ ಹೊಂದುವುದು ಒಂದೋ ಎರಡೋ, ಅವುಗಳ ಪಾಲು ಅಷ್ಟು ಕಡಿಮೆ. ಉಷ್ಣಾಂಶದ ಕ್ರಮ ಹೀಗೆ: 94 ಡಿಗ್ರಿಯಲ್ಲಿ 3 ನಿಮಿಷ, ಆಮೇಲೆ ಪ್ರೈಮರ್ ಕೂರುವ ಹಂತ 43 ಡಿಗ್ರಿಯಲ್ಲಿರುವ 5 ಸುತ್ತು, ಆಮೇಲೆ ಅದೇ ಹಂತ 50 ಡಿಗ್ರಿಗೆ ಏರಿಸಿದ 30 ಸುತ್ತು. ಬೆಳೆಸುವ ಹಂತ 72 ಡಿಗ್ರಿಯಲ್ಲಿ 20 ಸೆಕೆಂಡ್ ಸಾಕು, ತುಣುಕು ಅಷ್ಟು ಚಿಕ್ಕದು. ಮೊದಲ ಐದು ಸುತ್ತುಗಳಲ್ಲಿ 43ರಿಂದ 72ಕ್ಕೆ ಏರುವುದನ್ನು ನಿಧಾನಗೊಳಿಸಬೇಕು. ಬೇಗ ಏರಿಸಿದರೆ ಅರೆಬರೆ ಕೂತ ಪ್ರೈಮರ್ ಬೆಳೆಯುವ ಮೊದಲೇ ಕಳಚಿಕೊಳ್ಳುತ್ತದೆ.

ಜೆಲ್ 3 ಶೇಕಡಾ ಅಗರೋಸ್‌ನದ್ದು, ಪಕ್ಕದಲ್ಲಿ 50 ಬೇಸ್ ಜೋಡಿಯ ಅಳತೆಪಟ್ಟಿ. ಇಲ್ಲೊಂದು ಕಣ್ಣಿಗೆ ಮೋಸವಾಗುವ ಜಾಗವಿದೆ. ವಾಡಿಕೆಯ ನೀಲಿ ಬಣ್ಣ ಬ್ರೋಮೋಫಿನಾಲ್ ಬ್ಲೂ ಇಂಥ ಚಿಕ್ಕ ತುಣುಕುಗಳ ಜೊತೆಜೊತೆಗೇ ಓಡಿ, ಯುವಿ ಬೆಳಕಿನಲ್ಲಿ ಅವುಗಳ ಮೇಲೆ ನೆರಳು ಹಾಕುತ್ತದೆ. ಮೊದಲ ಸಲ ಪಟ್ಟಿಯೇ ಇಲ್ಲವೆಂದು ತೀರ್ಮಾನಿಸಿದ್ದು ಅದರಿಂದ. ಮುಂದೆ ಓಡಿಹೋಗುವ ಆರೆಂಜ್-ಜಿ ಬಣ್ಣ ಹಾಕಿದಾಗ 100ರ ಗೆರೆಗಿಂತ ತುಸು ಮೇಲೆ ತೆಳ್ಳಗಿನ ಪಟ್ಟಿ ಕಾಣಿಸಿತು. ಅದರ ಕೆಳಗೆ 40-50ರ ಸುಮಾರಿಗೆ ಮಬ್ಬಾಗಿ ಕಾಣುವುದು ಪ್ರೈಮರ್‌ಗಳು ತಮ್ಮತಮ್ಮಲ್ಲೇ ಅಂಟಿಕೊಂಡದ್ದು. ಅದನ್ನು ಕೊಯ್ದು ಮುಂದಕ್ಕೆ ಒಯ್ದರೆ ವಾರದ ಕೆಲಸ ನೀರುಪಾಲು.

ಪಟ್ಟಿ ಬಂದ ಖುಷಿ ಪಕ್ಕದ ಸಾಲು ನೋಡುವವರೆಗೆ. ಡಿಎನ್‌ಎ ಹಾಕದೆ ಬರೀ ನೀರು ಹಾಕಿದ ಟ್ಯೂಬಿನ ಸಾಲಿನಲ್ಲೂ ಅದೇ ಎತ್ತರದಲ್ಲಿ ಅದೇ ಪಟ್ಟಿ ಇತ್ತು.

ಬೇರೆ ಪಿಸಿಆರ್‌ಗಳಲ್ಲಿ ಹೀಗಾದರೆ ಹಿಂದಿನ ಪ್ರಯೋಗದ ತುಣುಕು ಬೆರೆತಿದೆ ಎಂದು ಊಹಿಸುತ್ತೇವೆ. ಇಲ್ಲಿ ಹಿಂದಿನ ಪ್ರಯೋಗವೇ ಇರಲಿಲ್ಲ. ಬ್ಯಾಕ್ಟೀರಿಯಾದಲ್ಲಿ ಹೋಮಿಯೋಬಾಕ್ಸ್ ಇಲ್ಲವಾದ್ದರಿಂದ ಟ್ಯಾಕ್ ಕಿಣ್ವದ ಜೊತೆ ಬರುವ ಬ್ಯಾಕ್ಟೀರಿಯಾ ಡಿಎನ್‌ಎಯ ತಪ್ಪೂ ಅಲ್ಲ. ಉಳಿದದ್ದು ಪ್ರಯೋಗ ಮಾಡುವವರ ಮೈ. ಮನುಷ್ಯನಲ್ಲಿ 39 ಹಾಕ್ಸ್ ಜೀನ್‌ಗಳಿವೆ: 7ನೇ ಕ್ರೋಮೋಸೋಮಿನಲ್ಲಿ 11, 17ರಲ್ಲಿ 10, 12ರಲ್ಲಿ 9, 2ರಲ್ಲಿ 9. ಚರ್ಮದ ಒಂದು ಹೊಟ್ಟು, ಮಾತಾಡುವಾಗ ಹಾರಿದ ಎಂಜಲ ಹನಿ ಟ್ಯೂಬಿಗೆ ಬಿದ್ದರೆ ಈ ಪ್ರೈಮರ್‌ಗಳಿಗೆ ಸಿಗಡಿಯೂ ಮನುಷ್ಯನೂ ಒಂದೇ. ಇನ್ನೊಂದು ಮೂಲ ಹೆಚ್ಚಿನವರ ಗಮನಕ್ಕೆ ಬಾರದ್ದು. ಪ್ರತಿಕ್ರಿಯೆ ಸುಧಾರಿಸಲೆಂದು ಸೇರಿಸುವ ಬಿಎಸ್‌ಎ ಹಸುವಿನ ರಕ್ತದಿಂದ ತೆಗೆದ ಪ್ರೋಟೀನ್. ಅದರ ಜೊತೆ ಹಸುವಿನ ಡಿಎನ್‌ಎಯೂ ಇರಬಹುದು, ಹಸುವಿಗೂ ಹಾಕ್ಸ್ ಜೀನ್‌ಗಳಿವೆ.

ಶುಚಿಗೊಳಿಸಲು ಮೊದಲು ಯುವಿ ದೀಪದ ಕೆಳಗೆ ಎಲ್ಲವನ್ನೂ ಅರ್ಧ ಗಂಟೆ ಇಟ್ಟೆವು. ಉಪಯೋಗವಾಗಲಿಲ್ಲ. ಯುವಿ ಕೆಲಸ ಮಾಡುವುದು ಡಿಎನ್‌ಎಯ ಪಕ್ಕಪಕ್ಕದ ಬೇಸ್‌ಗಳನ್ನು ಬೆಸೆದು. ಉದ್ದ ತುಣುಕಿನಲ್ಲಿ ಎಲ್ಲೋ ಒಂದು ಬೆಸುಗೆ ಬಿದ್ದೇ ಬೀಳುತ್ತದೆ, 116ರ ತುಣುಕು ಹಲವು ಸಲ ಪೆಟ್ಟು ತಿನ್ನದೆ ಪಾರಾಗುತ್ತದೆ. ಪರಿಹಾರ ಸಿಕ್ಕಿದ್ದು ಸಾದಾ ಕ್ರಮಗಳಲ್ಲಿ. ಬೆಂಚು ಮತ್ತು ಪಿಪೆಟ್‌ಗಳ ಹೊರಮೈಗೆ ಹತ್ತು ಪಟ್ಟು ತೆಳ್ಳಗೆ ಮಾಡಿದ ಬ್ಲೀಚ್ 10 ನಿಮಿಷ, ಆಮೇಲೆ ನೀರು, ಆಮೇಲೆ 70 ಶೇಕಡಾ ಎಥನಾಲ್. ಬ್ಲೀಚನ್ನು ಅಂದೇ ಕಲಸಬೇಕು, ನಮ್ಮ ಸೆಕೆಗೆ ನಾಲ್ಕು ದಿನದಲ್ಲಿ ಅದರ ಸತ್ವ ಹೋಗಿರುತ್ತದೆ. ಹೊಸ ನೀರು, ಹೊಸ ಬಫರ್, ಎಲ್ಲವನ್ನೂ ಒಂದೊಂದು ಸಲಕ್ಕೆ ಬೇಕಾದಷ್ಟು ಸಣ್ಣ ಟ್ಯೂಬ್‌ಗಳಿಗೆ ಹಂಚಿದ್ದು. ಫಿಲ್ಟರ್ ಇರುವ ಟಿಪ್, ಮಾಸ್ಕ್, ಮಣಿಕಟ್ಟು ಮುಚ್ಚುವ ಕೈಗವಸು, ಫ್ಯಾನ್ ಬಂದ್. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ನಿಲ್ಲಿಸಿ ಮಾಸ್ಕ್ ಹಾಕಿ ಕೂರುವುದು ಸುಲಭವಲ್ಲ, ಆದರೆ ಬೆವರಿನ ಹನಿ ಬೀಳದಂತೆ ಹಣೆಗೆ ಬಟ್ಟೆ ಕಟ್ಟಿಕೊಂಡಾದರೂ ಮಾಡಲೇಬೇಕು. ಸುತ್ತುಗಳ ಒಟ್ಟು ಸಂಖ್ಯೆಯನ್ನು 35ರಿಂದ 32ಕ್ಕೆ ಇಳಿಸಿದ್ದೂ ನೆರವಾಯಿತು. ನೀರಿನ ಸಾಲು ಮೂರು ಸಲ ಸತತವಾಗಿ ಖಾಲಿ ಬರುವವರೆಗೆ ಮುಂದಿನ ಹಂತಕ್ಕೆ ಹೋಗಲಿಲ್ಲ.

ಪಟ್ಟಿಯೊಳಗೆ ಒಂದೇ ಜೀನ್ ಇಲ್ಲ, ಹಲವು ಹಾಕ್ಸ್ ಜೀನ್‌ಗಳ ಒಂದೇ ಉದ್ದದ ತುಣುಕುಗಳು ಬೆರೆತಿವೆ. ನೇರವಾಗಿ ಓದಿಸಲು ಕಳಿಸಿದರೆ ಒಂದರ ಮೇಲೊಂದು ಬಿದ್ದ ಗೆರೆಗಳು ಬರುತ್ತವೆ. ಹಾಗಾಗಿ ಒಂದೊಂದು ತುಣುಕನ್ನು ಒಂದೊಂದು ಪ್ಲಾಸ್ಮಿಡ್‌ಗೆ (ಬ್ಯಾಕ್ಟೀರಿಯಾದೊಳಗೆ ನಕಲಾಗುವ ಚಿಕ್ಕ ಡಿಎನ್‌ಎ ವೃತ್ತಕ್ಕೆ) ಸೇರಿಸಿ ಬ್ಯಾಕ್ಟೀರಿಯಾದಲ್ಲಿ ಬೇರೆ ಬೇರೆ ಬೆಳೆಸಬೇಕು. ಜೆಲ್‌ನಿಂದ ತುಣುಕು ಬಿಡಿಸುವಾಗ ಕಾಲಮ್ ಕಿಟ್‌ನ ಪುಸ್ತಿಕೆ ಓದಿ ನೋಡಿ: ಹಲವು ಕಾಲಮ್‌ಗಳು 100ಕ್ಕಿಂತ ಚಿಕ್ಕದನ್ನು ಹಿಡಿಯುವುದಿಲ್ಲ, ನಮ್ಮದು ಅಂಚಿನಲ್ಲಿದೆ. ಎಥನಾಲ್‌ನಲ್ಲಿ ಇಳಿಸುವುದಾದರೆ 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್ ಮತ್ತು ಸ್ವಲ್ಪ ಗ್ಲೈಕೋಜೆನ್ ಸೇರಿಸಿ ರಾತ್ರಿಯಿಡೀ ಮೈನಸ್ 20ರಲ್ಲಿ ಇಡಬೇಕು. ಅವಿಲ್ಲದೆ ಇಷ್ಟು ಚಿಕ್ಕ ತುಣುಕು ತಳಕ್ಕೆ ಕೂರುವುದಿಲ್ಲ.

ಜೋಡಿಸುವ ಹಂತದಲ್ಲಿ ಹೆಚ್ಚಿನವರು ತಪ್ಪುವುದು ಲೆಕ್ಕದಲ್ಲಿ. 3000 ಬೇಸ್ ಜೋಡಿಯ ಪ್ಲಾಸ್ಮಿಡ್ 50 ನ್ಯಾನೋಗ್ರಾಂ ತೆಗೆದುಕೊಂಡರೆ, ಒಂದಕ್ಕೆ ಮೂರರ ಪ್ರಮಾಣದಲ್ಲಿ 116ರ ತುಣುಕು ಬೇಕಾದದ್ದು 5.8 ನ್ಯಾನೋಗ್ರಾಂ ಮಾತ್ರ. ಅಭ್ಯಾಸಬಲದಿಂದ ಅದನ್ನೂ 50 ನ್ಯಾನೋಗ್ರಾಂ ಹಾಕಿದರೆ ಪ್ರಮಾಣ ಒಂದಕ್ಕೆ 26 ಆಗುತ್ತದೆ, ಪ್ಲಾಸ್ಮಿಡ್ಡಿನ ಒಂದೊಂದು ತುದಿಗೆ ಒಂದೊಂದು ತುಣುಕು ಅಂಟಿ ವೃತ್ತ ಮುಚ್ಚುವುದೇ ಕಷ್ಟ. ತುಣುಕು ಸೇರಿದರೆ ಪ್ಲಾಸ್ಮಿಡ್ಡಿನ ನೀಲಿ ಬಣ್ಣದ ಜೀನ್ ಕೆಡುವ ನೀಲಿ-ಬಿಳಿ ಆಯ್ಕೆಯಲ್ಲಿ ಬಿಳಿ ವಸಾಹತುಗಳ (ಒಂದೇ ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆಗಳ) ಜೊತೆ ತಿಳಿನೀಲಿಯವನ್ನೂ ಎತ್ತಿಕೊಳ್ಳಿ, ತುಣುಕು ಚಿಕ್ಕದಾದಾಗ ಬಣ್ಣದ ಜೀನ್ ಪೂರ್ತಿ ಸಾಯದಿರುವುದುಂಟು. ತಟ್ಟೆಗಳನ್ನು ಹಿಂದಿನ ದಿನವೇ ಒಣಗಿಸಿರಬೇಕು. ಕರಾವಳಿಯ ತೇವಕ್ಕೆ ಅಗರ್ ಮೇಲೆ ನೀರಿನ ಪದರ ನಿಂತರೆ ವಸಾಹತುಗಳು ಒಂದಕ್ಕೊಂದು ಹರಿದು ಬೆರೆತು, ಮತ್ತೆ ಮಿಶ್ರಣವೇ ಕೈಗೆ ಬರುತ್ತದೆ.

ಕನಿಷ್ಠ 24 ವಸಾಹತು, ಸಾಧ್ಯವಾದರೆ 48 ಓದಿಸಬೇಕು. ಯಾಕೆಂದರೆ ಪ್ರೈಮರ್ ಎಲ್ಲ ಜೀನ್‌ಗಳನ್ನೂ ಸಮನಾಗಿ ಹಿಡಿಯುವುದಿಲ್ಲ, ಒಂದೆರಡು ಜೀನ್‌ಗಳೇ ಮತ್ತೆ ಮತ್ತೆ ಸಿಗುತ್ತವೆ. ಸಂಧಿಪದಿಗಳ (ಕೀಟ, ಸಿಗಡಿ, ಜೇಡಗಳಂಥ ಪ್ರಾಣಿಗಳ) ಮೂಲ ಪಟ್ಟಿಯಲ್ಲಿ ಹತ್ತು ಹಾಕ್ಸ್ ಜೀನ್‌ಗಳಿವೆ. ಹತ್ತೂ ಈ ಬಲೆಗೆ ಬೀಳುವುದಿಲ್ಲ. ಕೆಲವು ಹೋಮಿಯೋಬಾಕ್ಸ್‌ಗಳಲ್ಲಿ 44 ಮತ್ತು 45ನೇ ಸ್ಥಾನಗಳ ನಡುವೆ ಇಂಟ್ರಾನ್ (ಪ್ರೋಟೀನಿಗೆ ಸೇರದ ನಡುವಿನ ಡಿಎನ್‌ಎ) ಇರುತ್ತದೆ. ನೊಣದ ಲೇಬಿಯಲ್ ಜೀನ್ ಹಾಗೆ. ನಮ್ಮ ಎರಡು ಪ್ರೈಮರ್‌ಗಳ ನಡುವೆಯೇ ಬರುವ ಜಾಗ ಅದು. ಇಂಟ್ರಾನ್ ಸೇರಿದ ತುಣುಕು ಎಷ್ಟೋ ಉದ್ದವಾಗಿ 20 ಸೆಕೆಂಡಿನಲ್ಲಿ ಮುಗಿಯುವುದಿಲ್ಲ, ಮುಗಿದರೂ ನಾವು ಕೊಯ್ದ ಪಟ್ಟಿಯಲ್ಲಿ ಇರುವುದಿಲ್ಲ. ಅಂಥವನ್ನು ಹಿಡಿಯಲು ಭ್ರೂಣದ ಆರ್‌ಎನ್‌ಎಯಿಂದ ಸಿಡಿಎನ್‌ಎ (ಇಂಟ್ರಾನ್ ಇಲ್ಲದ ಡಿಎನ್‌ಎ ನಕಲು) ಮಾಡಿಕೊಂಡು ಹುಡುಕಬೇಕು.

ಓದಿದ ಅನುಕ್ರಮಗಳು ಬಂದ ಮೇಲೆ 27 ಅಮೈನೋ ಆಮ್ಲಗಳನ್ನು ಒಂದರ ಕೆಳಗೊಂದು ಬರೆದು ನೊಣದ ಜೀನ್‌ಗಳ ಜೊತೆ ಹೋಲಿಸಬೇಕು. ನೊಣದ ಆಂಟೆನಾಪೀಡಿಯಾದಲ್ಲಿ ಸಾಲು ಹಿಸ್ಟಿಡಿನ್, ಫಿನೈಲ್‌ಅಲನಿನ್, ಆಸ್ಪರಾಜಿನ್, ಆರ್ಜಿನಿನ್, ಟೈರೋಸಿನ್ ಎಂದು ಶುರುವಾಗುತ್ತದೆ. ಅಲ್ಟ್ರಾಬೈಥೊರಾಕ್ಸ್‌ನಲ್ಲಿ 22ರಲ್ಲಿ ಫಿನೈಲ್‌ಅಲನಿನ್ ಬದಲು ಥ್ರಿಯೋನಿನ್, 24ರಲ್ಲಿ ಆರ್ಜಿನಿನ್ ಬದಲು ಹಿಸ್ಟಿಡಿನ್, 34ರಲ್ಲಿ ಐಸೋಲ್ಯೂಸಿನ್ ಬದಲು ಮೆಥಿಯೋನಿನ್: ಮೂರೇ ವ್ಯತ್ಯಾಸ. ಹೊಟ್ಟೆಯ ಖಂಡಗಳ ಜೀನ್ ಅಬ್ಡಾಮಿನಲ್-ಎಯಲ್ಲಿ 24ರದ್ದು ಮಾತ್ರ. ಅಬ್ಡಾಮಿನಲ್-ಬಿ ದೂರದಿಂದಲೇ ಗುರುತು ಸಿಗುವಷ್ಟು ಬೇರೆ. ಆಂಟೆನಾಪೀಡಿಯಾಕ್ಕೂ ಸೆಕ್ಸ್ ಕೋಂಬ್ಸ್ ರಿಡ್ಯೂಸ್ಡ್ ಎಂಬ ಜೀನಿಗೂ ಮಾತ್ರ ಈ 27ರಲ್ಲಿ ಒಂದೇ ಒಂದು ವ್ಯತ್ಯಾಸವಿಲ್ಲ. ಒಂದು ಎದೆಯ ಜೀನ್, ಇನ್ನೊಂದು ತುಟಿ ಮತ್ತು ಎದೆಯ ಮೊದಲ ಖಂಡದ್ದು. ಅವನ್ನು ಬೇರ್ಪಡಿಸುವ ಅಕ್ಷರಗಳು ನಮ್ಮ ತುಣುಕಿನ ಹೊರಗಿವೆ. ಇಂಥ ತುಣುಕು ಸಿಕ್ಕಾಗ ‘ಆಂಟೆನಾಪೀಡಿಯಾ ಸಿಕ್ಕಿತು’ ಎಂದು ಬರೆಯುವುದು ತಪ್ಪು, ‘ಇವೆರಡರಲ್ಲೊಂದು’ ಎಂದೇ ಬರೆಯಬೇಕು. ಪ್ರಾಜೆಕ್ಟ್ ವರದಿಗಳಲ್ಲಿ ಈ ಎಚ್ಚರ ತಪ್ಪುವುದನ್ನು ಕಂಡಾಗಲೆಲ್ಲ ಬೇಸರವಾಗುತ್ತದೆ.

ಅದಕ್ಕಿಂತ ಕಷ್ಟದ ಪ್ರಶ್ನೆ, ಸಿಕ್ಕಿದ್ದು ಸಿಗಡಿಯದ್ದೋ ಮನುಷ್ಯನದ್ದೋ ಎಂಬುದು. ಮನುಷ್ಯನ ಹಾಕ್ಸ್-ಎ7ರ ಹೋಮಿಯೋಡೊಮೈನ್ ನೊಣದ ಆಂಟೆನಾಪೀಡಿಯಾಕ್ಕಿಂತ 60ರಲ್ಲಿ ಒಂದು ಸ್ಥಾನದಲ್ಲಿ ಮಾತ್ರ ಬೇರೆ, ಅದೂ ಕೊನೆಯ ತುದಿಯಲ್ಲಿ. ನಡುವಿನ 27 ಅಚ್ಚೊತ್ತಿದಂತೆ ಒಂದೇ. ಅಮೈನೋ ಆಮ್ಲ ನೋಡಿ ಹೇಳುವಂತೆಯೇ ಇಲ್ಲ. ಇಲ್ಲಿ ಡಿಎನ್‌ಎಗೇ ಮರಳಬೇಕು. ಈ 27ರಲ್ಲಿ ಆರು ಆರ್ಜಿನಿನ್, ಮೂರು ಲ್ಯೂಸಿನ್ ಇವೆ. ಇವೆರಡಕ್ಕೂ ತಲಾ ಆರು ಕೋಡಾನ್‌ಗಳ ಆಯ್ಕೆ. ಪ್ರೋಟೀನ್ ಬದಲಾಗದಿದ್ದರೂ ಕೋಡಾನಿನ ಮೂರನೇ ಅಕ್ಷರ, ಆರ್ಜಿನಿನ್ ಮತ್ತು ಲ್ಯೂಸಿನ್‌ನಲ್ಲಿ ಮೊದಲನೆಯದೂ, ಇಷ್ಟು ವರ್ಷಗಳಲ್ಲಿ ಪ್ರಾಣಿಯಿಂದ ಪ್ರಾಣಿಗೆ ಬೇರೆಯಾಗಿರುತ್ತವೆ. 28ರಿಂದ 31ರವರೆಗೆ ನಾಲ್ಕು ಆರ್ಜಿನಿನ್ ಒಟ್ಟಿಗೆ ಬರುವ ಜಾಗವೊಂದನ್ನೇ ಹಿಡಿದು 12 ಅಕ್ಷರ ಹೋಲಿಸಿದರೂ ಸುಳಿವು ಸಿಗುತ್ತದೆ. 82 ಬೇಸ್‌ಗಳನ್ನೂ ಮನುಷ್ಯ ಮತ್ತು ಹಸುವಿನ ಹಾಕ್ಸ್ ಜೀನ್‌ಗಳ ಪಕ್ಕ ಇಟ್ಟು ನೋಡಿ, ಪೂರ್ತಿ ಹೊಂದಿದವನ್ನು ಎಸೆಯಬೇಕು. 2019ರಲ್ಲಿ ವನ್ನಾಮಿ ಸಿಗಡಿಯ ಜೀನೋಮ್ ಪ್ರಕಟವಾದ ಮೇಲೆ ಈ ಕೆಲಸ ಹಗುರಾಗಿದೆ, ಹತ್ತಿರದ ನೆಂಟನ ಅನುಕ್ರಮ ಕೈಯಲ್ಲಿದೆ. ಶುಚಿಗೊಳಿಸುವ ಮೊದಲು ಕುತೂಹಲಕ್ಕೆಂದು ಓದಿಸಿದ ನೀರಿನ ಟ್ಯೂಬಿನ ತುಣುಕು ಮನುಷ್ಯನದ್ದೇ ಎಂದು ಹೀಗೆ ತಿಳಿಯಿತು. ಶುಚಿಗೊಳಿಸಿದ ಮೇಲಿನ ತುಣುಕುಗಳಲ್ಲಿ ಹೆಚ್ಚಿನವು ಆಂಟೆನಾಪೀಡಿಯಾ ಬಗೆಯವು, ಕೆಲವು ಅಲ್ಟ್ರಾಬೈಥೊರಾಕ್ಸ್ ಮತ್ತು ಅಬ್ಡಾಮಿನಲ್-ಎ.

ಈ ಪ್ರೈಮರ್ ಹಿಡಿಯದ ಹೋಮಿಯೋಬಾಕ್ಸ್ ಜೀನ್‌ಗಳೂ ಬಹಳಷ್ಟಿವೆ. ಕಣ್ಣಿನ ಪ್ಯಾಕ್ಸ್-6ರಲ್ಲಿ 50ನೇ ಸ್ಥಾನದಲ್ಲಿ ಗ್ಲುಟಮೀನ್ ಇಲ್ಲ, ಸೆರಿನ್ ಇದೆ. ಅದಕ್ಕೇ ನಮ್ಮ ಬಲೆಗೆ ಅದು ಸಿಗುವುದಿಲ್ಲ. ಮನುಷ್ಯರಲ್ಲಿ ಪ್ಯಾಕ್ಸ್-6ರ ಒಂದು ಪ್ರತಿ ಕೆಟ್ಟರೆ ಮಗು ಕಣ್ಣಿನ ಬಣ್ಣದ ಪೊರೆ (ಐರಿಸ್) ಇಲ್ಲದೆಯೋ ಅರೆಬರೆಯಾಗಿಯೋ ಹುಟ್ಟುತ್ತದೆ. ಹಾಕ್ಸ್-ಡಿ13ರ ತೊಂದರೆ ಬೆರಳುಗಳಲ್ಲಿ ಕಾಣುತ್ತದೆ: ಬೆರಳುಗಳು ಕೂಡಿಕೊಂಡಿರುತ್ತವೆ, ನಡುವೆ ಹೆಚ್ಚುವರಿ ಬೆರಳು ಇರುತ್ತದೆ. ಅಲ್ಲಿ ಹೋಮಿಯೋಬಾಕ್ಸ್ ಸರಿಯಾಗಿಯೇ ಇದ್ದು, ಪ್ರೋಟೀನಿನ ಮುಂಭಾಗದಲ್ಲಿ 15 ಇರಬೇಕಾದ ಅಲನಿನ್ ಸರಣಿಗೆ 7ರಿಂದ 14 ಅಲನಿನ್ ಹೆಚ್ಚಾಗಿ ಸೇರಿರುತ್ತವೆ. ಅಲನಿನ್ ಕೋಡಾನ್‌ಗಳಲ್ಲಿ ಗ್ವಾನಿನ್-ಸೈಟೋಸಿನ್ ತುಂಬಿರುವುದರಿಂದ ಆ ಭಾಗದ ಪಿಸಿಆರ್ ಸಾದಾ ಮಿಶ್ರಣದಲ್ಲಿ ಬಿದ್ದುಹೋಗುತ್ತದೆ. 5 ಶೇಕಡಾ ಡಿಎಂಎಸ್‌ಒ ಅಥವಾ ಬೀಟೇನ್ ಸೇರಿಸಬೇಕು. ಮನೆಯಲ್ಲಿ ಹಲವರಿಗೆ ಇಂಥ ಬೆರಳುಗಳಿದ್ದರೆ ಕೇಳಬೇಕಾದ ಕಡೆ ಮೆಡಿಕಲ್ ಜೆನೆಟಿಕ್ಸ್ ವಿಭಾಗ, ಮಣಿಪಾಲದಲ್ಲಿ ಅದಿದೆ. ಒಂದು ಕೆಟ್ಟ ಪ್ರತಿ ಸಾಕಾಗುವ ಕಾಯಿಲೆ ಇದು, ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಎರಡಕ್ಕೊಂದು. ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಮಾತ್ರೆ ಗರ್ಭಿಣಿಯರಿಗೆ ಕಟ್ಟುನಿಟ್ಟಾಗಿ ಬೇಡವೆನ್ನುವುದರಲ್ಲೂ ಹಾಕ್ಸ್ ಜೀನ್‌ಗಳ ಪಾತ್ರವಿದೆ. ಆ ಬಗೆಯ ರೆಟಿನಾಯ್ಡ್‌ಗಳು ಭ್ರೂಣದಲ್ಲಿ ಹಾಕ್ಸ್ ಜೀನ್‌ಗಳು ಚಾಲೂ ಆಗುವ ಗಡಿಯನ್ನೇ ಸರಿಸಬಲ್ಲವು.

ಟ್ರೇಯಲ್ಲಿ ಸಾಲಿಟ್ಟ ಕಾಲುಗಳ ಪ್ರಶ್ನೆಗೆ ಮಿಖಾಲಿಸ್ ಅವೆರೋಫ್ ಮತ್ತು ನಿಪಮ್ ಪಟೇಲ್ 1997ರಲ್ಲಿ ಸೂಚಿಸಿದ ಉತ್ತರ ಇಂದಿಗೂ ನಿಂತಿದೆ. ಕಠಿಣಚರ್ಮಿಗಳಲ್ಲಿ (ಸಿಗಡಿ, ಏಡಿಗಳ ಗುಂಪಿನಲ್ಲಿ) ಅಲ್ಟ್ರಾಬೈಥೊರಾಕ್ಸ್ ಮತ್ತು ಅಬ್ಡಾಮಿನಲ್-ಎ ಎದೆಯ ಎಷ್ಟನೇ ಖಂಡದಿಂದ ಶುರುವಾಗುತ್ತವೋ ಅಲ್ಲಿಂದ ನಡೆಗಾಲು. ಅವು ಇಲ್ಲದ ಮುಂದಿನ ಖಂಡಗಳಲ್ಲಿ ದವಡೆಗಾಲು. ಎದೆಯ 11 ಖಂಡಗಳಿಗೂ ಒಂದೇ ಬಗೆಯ ಕಾಲಿರುವ ಆರ್ಟೀಮಿಯಾ ಎಂಬ ಉಪ್ಪುನೀರಿನ ಕಠಿಣಚರ್ಮಿಯಲ್ಲಿ ಅವು ಮೊದಲ ಖಂಡದಿಂದಲೇ ಶುರು. 2016ರಲ್ಲಿ ಪ್ಯಾರ್‌ಹೈಯಾಲೆ ಎಂಬ ಪುಟ್ಟ ಕಠಿಣಚರ್ಮಿಯಲ್ಲಿ ಜೀನನ್ನು ಗುರಿಯಿಟ್ಟು ಕತ್ತರಿಸುವ ಕ್ರಿಸ್ಪರ್‌ನಿಂದ ಅಲ್ಟ್ರಾಬೈಥೊರಾಕ್ಸ್ ಕೆಡಿಸಿದಾಗ ನಡೆಗಾಲುಗಳು ದವಡೆಗಾಲಿನ ರೂಪಕ್ಕೆ ತಿರುಗಿದವು. ಬಾಲದ ಮಾಂಸದ ಡಿಎನ್‌ಎಯಲ್ಲಿ ನಮಗೆ ತಿಳಿಯುವುದು ಜೀನ್ ಇದೆ ಎಂಬುದಷ್ಟೇ, ಅದು ಎಲ್ಲಿ ಚಾಲೂ ಆಗಿತ್ತು ಎಂಬುದಲ್ಲ. ಮೈಯ ಎಲ್ಲ ಕೋಶಗಳಲ್ಲೂ ಎಲ್ಲ ಹಾಕ್ಸ್ ಜೀನ್‌ಗಳೂ ಇರುತ್ತವೆ.

ಎಲ್ಲಿ ಎಂಬುದನ್ನು ನೋಡಲು ಮರಿಗಳೇ ಬೇಕು. ನಮ್ಮದೂ ಸೇರುವ ಪಿನಿಯಿಡ್ ಕುಟುಂಬದ ಸಿಗಡಿಗಳು ಮೊಟ್ಟೆಗಳನ್ನು ಹೊಟ್ಟೆಗೆ ಅಂಟಿಸಿಕೊಳ್ಳುವುದಿಲ್ಲ, ನೀರಿಗೇ ಬಿಡುತ್ತವೆ. ಹೊರಬರುವ ನಾಪ್ಲಿಯಸ್ ಮರಿಗೆ ಇರುವುದು ಮೂರೇ ಜೋಡಿ ಉಪಾಂಗ: ಎರಡು ಮೀಸೆ, ಒಂದು ದವಡೆ. ಎದೆಯ ಖಂಡಗಳು ಮೂಡುವುದು ಆಮೇಲೆ, ಪ್ರೊಟೊಜೋಯಿಯಾ ಹಂತಕ್ಕೆ ದಾಟುವಾಗ. ಆದ್ದರಿಂದ ಕುಂದಾಪುರ ಕಡೆಯ ಸಿಗಡಿ ಕೃಷಿಕರ ಮೂಲಕ ಮರಿಕೇಂದ್ರದ ನಾಪ್ಲಿಯಸ್ ತರಿಸಿ, ಆರು ಗಂಟೆಗೊಮ್ಮೆ ಒಂದು ಚಮಚ ಮರಿಗಳನ್ನು ಸಮುದ್ರದ ನೀರಿನಲ್ಲೇ ಕಲಸಿದ 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್‌ಗೆ ಹಾಕಿ, ಅರ್ಧ ಗಂಟೆ ಕಳೆದು ಮೆಥನಾಲ್‌ಗೆ ಬದಲಿಸಿ ಮೈನಸ್ 20ರಲ್ಲಿ ಇಡುತ್ತಿದ್ದೇವೆ. ಕರೆಂಟು ಹೋದರೆ ಫ್ರೀಜರಿನ ಬಾಗಿಲು ತೆರೆಯಬಾರದೆಂದು ಚೀಟಿ ಅಂಟಿಸಿದೆ. ಟ್ಯೂಬುಗಳ ಮೇಲೆ ಪೆನ್ಸಿಲಿನಲ್ಲಿ ಗಂಟೆ ಬರೆದಿದೆ, ಮಾರ್ಕರ್ ಬರಹವನ್ನು ಮೆಥನಾಲ್ ಅಳಿಸುತ್ತದೆ.